ಎಡ ಮೂರು, ಕತ್ತರಿಸಬೇಡ

ಹನ್ನೊಂದು ವರ್ಷ ಅವನ ಎಡಗಡೆ ಕೂತೆ,
ರಸ್ತೆ ನೋಡಲಿಲ್ಲ.
ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಮೊಂಡು ಪೆನ್ಸಿಲು,
ತಲೆ ಬಗ್ಗಿಸಿ ಓದುತ್ತಿದ್ದೆ:
ನೂರು. ಬಲ ಐದು. ದಿಬ್ಬ, ಹಾರುತ್ತದೆ.
ಎಡ ಮೂರು, ಕತ್ತರಿಸಬೇಡ,
ಒಳಗೆ ಸಿಲ್ವರ್ ಓಕಿನ ಬೇರು.

ಅವನ ಮನೆಯಲ್ಲಿ ಕೊಡವ ತಕ್ಕ್, ನಮ್ಮಲ್ಲಿ ಅರೆಭಾಷೆ,
ಗ್ಯಾರೇಜಿನ ಹಂಸಾಕ ಬೈಯುವುದು ಮಲಯಾಳದಲ್ಲಿ.
ತಿರುವುಗಳಿಗೆ ಮಾತ್ರ ಕನ್ನಡ ಇಟ್ಟುಕೊಂಡೆವು.
ಲೆಫ್ಟು ರೈಟು ಅನ್ನುವುದು ಕಿವಿಗೆ ಬಂದು ಮುಟ್ಟುವಷ್ಟರಲ್ಲಿ
ತಿರುವು ಹಿಂದಾಗಿರುತ್ತದೆ ಅಂತ ಅವನ ವಾದ.
ನಾನು ಸಿದ್ದಾಪುರದಲ್ಲಿ ಗಣಿತದ ಟೀಚರು, ಎಣಿಸಿ ನೋಡಿ ಒಪ್ಪಿದೆ.
ಎಡ, ಬಲ: ಎರಡೆರಡೇ ಅಕ್ಷರ.

ಚಿಟ್ಟಿಯಪ್ಪ.
ಬಾಗಿಲ ಮೇಲೆ ಹೆಸರು, ಪಕ್ಕದಲ್ಲಿ ರಕ್ತದ ಗುಂಪು,
ಕೆಳಗೆ ಪಂಪ್‌ಸೆಟ್ ಕಂಪನಿಯ ಸ್ಟಿಕ್ಕರು.
ಮೊದಲ ಗೆಲುವಿಗೆ ಬಂದದ್ದು ಹದಿನೆಂಟು ಸಾವಿರ,
ಆ ವಾರ ಟೈರಿಗೆ ಕೊಟ್ಟದ್ದು ನಲವತ್ತು.
ಈ ಲೆಕ್ಕವನ್ನು ನಾನು ಮಕ್ಕಳಿಗೆ ಕೊಟ್ಟಿಲ್ಲ.

ಕೊಯಿಮತ್ತೂರಿನಲ್ಲಿ ಗೇರ್‌ಬಾಕ್ಸು ಹೋಯಿತು,
ನಾಸಿಕದಲ್ಲಿ ದೂಳು ಕುಡಿದೆವು,
ಚಿಕ್ಕಮಗಳೂರಿನಲ್ಲಿ ಎರಡು ಪಲ್ಟಿ.
ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತ ಅವನು ಕೇಳಿದ್ದು,
"ಟೀಚರೇ, ಮುಂದಿನದೇನು?"
ಓದಿದೆ. ಅಭ್ಯಾಸಬಲ.
ಬಲ ನಾಲ್ಕು, ಉದ್ದ.
ಕಾಫಿ ಗಿಡಗಳ ನಡುವಿನಿಂದ ಜನ ಓಡಿಬಂದರು,
ಯಾರೋ ಹುಡುಗ ನಮ್ಮ ಒಂದು ಕನ್ನಡಿ ಎತ್ತಿಕೊಂಡು ಹೋದ.

ಅಪಘಾತದಲ್ಲಿ ಮುಗಿದಿದ್ದರೆ ಪೇಪರಿನಲ್ಲಿ ಬರುತ್ತಿತ್ತು.
ಮುಗಿದದ್ದು ನಮ್ಮದೇ ಬಿಳಿಗುಂಡಿ ತೋಟದಲ್ಲಿ,
ಬಲ ಆರು ಅಂದೆ,
ತಿರುವೇ ಅಲ್ಲ ಅದು, ಮಕ್ಕಳು ಕೈಬಿಟ್ಟು ಸೈಕಲ್ ಹೊಡೆಯುವ ಜಾಗ.
ಅವನು ಬ್ರೇಕು ಒತ್ತಿದ.
ಗೆರೆ ದಾಟಿದ ಮೇಲೆ, ಹೆಲ್ಮೆಟ್ಟು ತೆಗೆಯದೆ, ಇಂಟರ್‌ಕಾಮಿನಲ್ಲೇ ಹೇಳಿದ:
"ರಸ್ತೆಯ ಅಂಚು ಕಾಣಲಿಲ್ಲ.
ಇವತ್ತಲ್ಲ. ಹೋದ ವರ್ಷದಿಂದ."

ಹೋದ ವರ್ಷ ನಾವು ಎರಡು ಸಲ ಗೆದ್ದಿದ್ದೆವು.
ಹೋದ ವರ್ಷವೇ ಒಮ್ಮೆ, ಮಳೆಗೆ ಅಂಟಿದ ಎರಡು ಹಾಳೆ
ಒಟ್ಟಿಗೆ ಮಗುಚಿ,
ಮೂರು ಸೆಕೆಂಡು ನಾನು ಸುಮ್ಮನಿದ್ದೆ.
ಆ ಮೂರು ಸೆಕೆಂಡು ಈಗಲೂ ರಾತ್ರಿ ಬರುತ್ತವೆ,
ಬಂದು, ಕೂತು, ಹೋಗುವುದಿಲ್ಲ.

ಇವತ್ತು ಮೈಸೂರಿನ ಕಣ್ಣಾಸ್ಪತ್ರೆಗೆ.
ಆಲ್ಟೊ ನನ್ನದು, ಸ್ಟೀರಿಂಗು ನನ್ನ ಕೈಯಲ್ಲಿ,
ಅವನು ಎಡಗಡೆ, ಕಪ್ಪು ಕನ್ನಡಕ, ತೊಡೆಯ ಮೇಲೆ ಸ್ಕ್ಯಾನಿನ ಫೈಲು.
ಹಂಸಾಕ ನಾಲ್ಕೂ ಚಕ್ರದ ಗಾಳಿ ನೋಡಿ
"ಮೂವತ್ತೆರಡು" ಅಂತ ಅವನಿಗೆ ಕೇಳಿಸುವಂತೆ ಕೂಗಿದ.

ಬಿಳಿಗುಂಡಿ ಗೇಟು ದಾಟಿದ್ದೇ ತಡ, ಶುರು ಮಾಡಿದ.
"ಐವತ್ತು. ಬಲ ನಾಲ್ಕು, ಬಿಗಿಯಾಗುತ್ತದೆ."
ಬಿಗಿಯಾಯಿತು.
"ಮೋರಿ, ಎಚ್ಚರ."
ಇತ್ತು.
ನನ್ನ ವೇಗ ಮೂವತ್ತು. ಹಿಂದೆ ಒಂದು ಬೈಕು ಹಾರನ್ ಹೊಡೆಯುತ್ತಲೇ ಇತ್ತು.
ಪುಸ್ತಕವಿಲ್ಲದೆ, ಒಂದು ಅಂಕಿ ತಪ್ಪದೆ ಹೇಳುತ್ತ ಹೋದ,
ನನ್ನದೇ ದನಿಯ ಏರಿಳಿತದಲ್ಲಿ.
"ಎಡ ಮೂರು, ಕತ್ತರಿಸಬೇಡ."

ಆ ತಿರುವು ಈಗ ಇಲ್ಲ.
ಓಕು ಕಡಿದು, ದರೆ ಬಗೆದು, ಕಾಂಕ್ರೀಟು ಸುರಿದು
ಲಾರಿಗಳಿಗೆ ನೇರ ಮಾಡಿದ್ದಾರೆ.
ಹೇಳಬೇಕಿತ್ತು.
ಅವನ ಮೈ ಆಗಲೇ ಬಲಕ್ಕೆ ವಾಲಿ ಕಾಯುತ್ತಿತ್ತು,
ಕಾಲು ಇಲ್ಲದ ಬ್ರೇಕಿನ ಮೇಲೆ.
ಮೂರು ಸೆಕೆಂಡು.
ಚಕ್ರ ಅಂಚಿನ ಮಣ್ಣಿಗೆ ತಾಗುವಷ್ಟು ಎಡಕ್ಕೆ ತಿರುಗಿಸಿ
ಮತ್ತೆ ನೇರ ಮಾಡಿದೆ.

"ತಡವಾಯಿತು ಟೀಚರೇ. ಬೇರು ತಾಗಲಿಲ್ಲ ತಾನೆ?"
ಇಲ್ಲ ಅಂದೆ.
ಎದುರಿನಿಂದ ಜೀಪು, ಕಾಣುವ ಮುಂಚೆ ಅವನಿಗೆ ಕೇಳಿಸಿತು.
"ಡೀಸೆಲು," ಅಂದ, "ಮೂರನೇ ಗೇರು, ಜನ ತುಂಬಿದ್ದಾರೆ.
ಪಕ್ಕಕ್ಕೆ ಹಾಕಿ."
ಕೊಯ್ಲಿನ ಹೆಂಗಸರು ಒಬ್ಬರ ಮೇಲೊಬ್ಬರು ಕೂತು ನಗುತ್ತ ದಾಟಿಹೋದರು.